ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರಿಗೆ ಕೇಡು ಮಾಡಿದಾಗ, ಮಾಡದೇ ಇರುವುದು ನಮ್ಮ ಕೈಯಲ್ಲಿತ್ತಾ?

ಮೂರು ರಾತ್ರಿ:

ಆರು ವರ್ಷದಿಂದ ಯಾರ ಹತ್ತಿರವೂ ಹೇಳದ ವಿಷಯ ಇದು. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಮತ್ತು ಅವಳು ಪಕ್ಕಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದೆವು. ನಾಲ್ಕು ವರ್ಷದ ಸ್ನೇಹ. ತಂಡದ ಲೀಡ್ ಜಾಗ ಖಾಲಿಯಾಯಿತು, ನಮ್ಮಿಬ್ಬರ ಹೆಸರೂ ಕೇಳಿಬರುತ್ತಿತ್ತು. ಕೆಲಸದಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಅದು ನನಗೂ ಗೊತ್ತಿತ್ತು. ಅದಕ್ಕೆ ಒಂದು ವರ್ಷ ಮೊದಲು, ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ನನಗೊಬ್ಬಳಿಗೇ ಹೇಳಿದ್ದಳು. ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ನನ್ನ ಕರ್ಚೀಫಿನಲ್ಲೇ ಮೂಗು ಒರೆಸಿಕೊಳ್ಳುತ್ತಾ ಹೇಳಿದ್ದಳು.

ಒಂದು ಸೋಮವಾರ ಸಂಜೆ ಮ್ಯಾನೇಜರ್‌ಗೆ ನಾಲ್ಕು ಸಾಲಿನ ಮೇಲ್ ಬರೆದೆ. "ಅವಳ ಬಗ್ಗೆ ಕಾಳಜಿ ಇರುವುದರಿಂದ ಹೇಳುತ್ತಿದ್ದೇನೆ" ಅಂತ ಶುರು ಮಾಡಿ, ಚಿಕಿತ್ಸೆ ನಡೀತಿದೆ, ಜಾಸ್ತಿ ಹೊರೆ ತಡೆಯುತ್ತಾಳೋ ಇಲ್ಲವೋ ನೋಡಿಕೊಳ್ಳಿ ಅಂತ. ಒಂದು ಪದವೂ ಸುಳ್ಳಲ್ಲ. ಕಳಿಸದೆ ಡ್ರಾಫ್ಟ್‌ನಲ್ಲಿ ಇಟ್ಟೆ. ಮೂರು ರಾತ್ರಿ ಅದನ್ನು ತೆಗೆದು ನೋಡಿದೆ. ಒಂದು ರಾತ್ರಿ "ಖಿನ್ನತೆ" ಅಳಿಸಿ "ಆರೋಗ್ಯದ ತೊಂದರೆ" ಅಂತ ಹಾಕಿದೆ. ಮರುದಿನ ರಾತ್ರಿ ಮತ್ತೆ "ಖಿನ್ನತೆ" ಹಾಕಿದೆ. ಗುರುವಾರ ಬೆಳಿಗ್ಗೆ ಕಳಿಸಿಬಿಟ್ಟೆ.

ಜಾಗ ನನಗೆ ಸಿಕ್ಕಿತು. ನಾಲ್ಕು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು.

ಕುತ್ತಿಗೆ ಮೇಲೆ ಕತ್ತಿ ಇಟ್ಟು ಯಾರೂ ಮಾಡಿಸಲಿಲ್ಲ. ಸಿಟ್ಟೂ ಇರಲಿಲ್ಲ. ಇದು ಕೇಡು ಅಂತ ನನಗೆ ಗೊತ್ತಿತ್ತು, ಗೊತ್ತಿದ್ದಕ್ಕೇ ಅಲ್ವಾ ಮೂರು ರಾತ್ರಿ ಹಿಡಿದದ್ದು. ಇಚ್ಛಾಸ್ವಾತಂತ್ರ್ಯ ಅನ್ನುತ್ತಾರಲ್ಲ, ಅದು ನಿಜವಾಗಿ ಇದ್ದರೆ ಆ ಮೂರು ರಾತ್ರಿ ನನ್ನ ಹತ್ತಿರ ಇತ್ತಾ? ಇದ್ದಿದ್ದರೆ ನಾನು ಯಾಕೆ ಹೀಗೆ ಮಾಡಿದೆ? ಇಲ್ಲದಿದ್ದರೆ ಈಗಲೂ ನಿದ್ದೆಯಿಂದ ಎದ್ದು ಕೂರುವುದು ಯಾತಕ್ಕೆ?

ನರಕೋಶ:

ನನ್ನ ನೇರ ಉತ್ತರ: ಬೇರೆ ಥರ ಮಾಡುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಓದಿರುವುದು ಮಿದುಳಿನ ವಿಷಯ, ನನಗೆ ಕಾಣುವುದು ಇದು.

1983ರಲ್ಲಿ ಬೆಂಜಮಿನ್ ಲಿಬೆಟ್ ಅನ್ನುವ ಮಿದುಳು ವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರನ್ನು ಕೂರಿಸಿ, ನಿಮಗೆ ಯಾವಾಗ ಅನ್ನಿಸುತ್ತೋ ಆಗ ಕೈ ಆಡಿಸಿ, ಹಾಗೆ ಅನ್ನಿಸಿದ ಕ್ಷಣಕ್ಕೆ ಗಡಿಯಾರದ ಚುಕ್ಕೆ ಎಲ್ಲಿತ್ತು ಅಂತ ನೆನಪಿಟ್ಟು ಹೇಳಿ ಅಂದರು. ಕೈ ಆಡುವುದಕ್ಕೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿತ್ತು. "ಆಡಿಸಬೇಕು" ಅಂತ ಅವರಿಗೆ ಅನ್ನಿಸಿದ್ದು ಕೈ ಆಡುವ ಸುಮಾರು 200 ಮಿಲಿಸೆಕೆಂಡ್ ಮೊದಲು. ನಾವು ತೀರ್ಮಾನ ಮಾಡಿದೆವು ಅಂದುಕೊಳ್ಳುವ ಹೊತ್ತಿಗೆ ಕೆಲಸ ಆಗಲೇ ಹೊರಟಿರುತ್ತೆ.

ಇನ್ನೊಂದು, ಇದು 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿ. ನಲವತ್ತು ವರ್ಷದ ಒಬ್ಬ ಶಿಕ್ಷಕನಿಗೆ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಕೆಟ್ಟ ಆಸೆ ಶುರುವಾಯಿತು. ಮಾಡುತ್ತಿರುವುದು ತಪ್ಪು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ತಡೆಯಲು ಆಗಲಿಲ್ಲ. ಸ್ಕ್ಯಾನ್ ಮಾಡಿದರೆ ಹಣೆಯ ಹಿಂದೆ, ಕಣ್ಣಿನ ಗೂಡಿನ ಮೇಲಿನ ಭಾಗದಲ್ಲಿ ಗೆಡ್ಡೆ. ತೆಗೆದರು, ಆಸೆ ಹೋಯಿತು. ಕೆಲವು ತಿಂಗಳಲ್ಲಿ ಆಸೆ ಮತ್ತೆ ಬಂತು, ನೋಡಿದರೆ ಗೆಡ್ಡೆ ಮತ್ತೆ ಬೆಳೆದಿತ್ತು.

ಅಲ್ಲಿ ಗೆಡ್ಡೆ ಕಣ್ಣಿಗೆ ಕಂಡಿತು. ನಿಮ್ಮ ತಲೆಯಲ್ಲಿ ಇದ್ದದ್ದು ಗೆಡ್ಡೆಯಲ್ಲ ನಿಜ. ಹುಟ್ಟುಗುಣ, ಬೆಳೆದ ರೀತಿ, ಆ ವಾರದ ನಿದ್ದೆ, ಹಿಂದೆ ಎಷ್ಟು ಸಲ ನಿಮ್ಮನ್ನು ಎರಡನೆಯವಳು ಅಂತ ಕೂರಿಸಿದ್ದರು, ಇದೆಲ್ಲ. ಇದರಲ್ಲಿ ಯಾವುದನ್ನು ನೀವು ಆರಿಸಿಕೊಂಡಿರಿ? ಎಸೆದ ಕಲ್ಲಿಗೆ ಯೋಚನೆ ಬಂದರೆ, ತಾನೇ ಇಷ್ಟಪಟ್ಟು ಹಾರುತ್ತಿದ್ದೇನೆ ಅಂದುಕೊಳ್ಳುತ್ತೆ ಅಂತ ತತ್ವಜ್ಞಾನಿ ಸ್ಪಿನೋಝಾ ಹೇಳಿದ್ದು ಇದನ್ನೇ. ನಿಮ್ಮನ್ನು ನೀವು ಹಿಂಸೆ ಮಾಡಿಕೊಳ್ಳಬೇಡಿ ಮೇಡಂ.

ಹಳೇ ಮೇಷ್ಟ್ರು:

ನರಕೋಶ ಅವರೇ, ನಿಮ್ಮ ಕಳಕಳಿ ದೊಡ್ಡದು. ಆದರೆ ಲಿಬೆಟ್ ಪ್ರಯೋಗಕ್ಕೆ ಅದು ಹೊರಲಾರದ ಭಾರ ಹೊರಿಸುತ್ತಿದ್ದೀರಿ. ಅಲ್ಲಿ ಕೈ ಆಡಿಸುವುದಕ್ಕೆ ಕಾರಣವೇ ಬೇಕಿರಲಿಲ್ಲ. ಈಗಾದರೂ ಸರಿ, ಆಮೇಲಾದರೂ ಸರಿ. ಇವರದ್ದು ಮೂರು ರಾತ್ರಿ ತೆಗೆದು, ಓದಿ, ಪದ ತಿದ್ದಿದ ಕೆಲಸ. ಎರಡೂ ಒಂದೇ ಹೇಗೆ ಆಗುತ್ತೆ? ಅನ್ನಿಸಿದ ಮೇಲೂ ಕೊನೇ ಗಳಿಗೆಯಲ್ಲಿ "ಬೇಡ" ಅಂತ ತಡೆಯುವ ಶಕ್ತಿ ನಮಗಿದೆ ಅಂತ ಲಿಬೆಟ್ ಅವರೇ ನಂಬಿದ್ದರು. 2012ರಲ್ಲಿ ಆರನ್ ಶುರ್ಗರ್ ಮತ್ತು ಜತೆಗಾರರು ಇನ್ನೊಂದು ವಿವರಣೆ ಕೊಟ್ಟರು: ತಯಾರಿ ಅಂತ ಕಂಡದ್ದು ಮಿದುಳಿನಲ್ಲಿ ಯಾವಾಗಲೂ ಇರುವ ಏರಿಳಿತ ಮಾತ್ರ ಇರಬಹುದು, ಅದು ಒಂದು ಗೆರೆ ದಾಟಿದಾಗ ಕೈ ಆಡುತ್ತೆ ಅಷ್ಟೇ. ಹಾಗಾದರೆ ತೀರ್ಮಾನ ಮೊದಲೇ ಆಗಿಹೋಗಿತ್ತು ಅನ್ನಲು ಬರುವುದಿಲ್ಲ.

ಈಗ ಮೇಡಂ ಪ್ರಶ್ನೆಗೆ ಬರೋಣ. ಗೊತ್ತಿದ್ದೂ ಯಾಕೆ? ಇದು ಬಹಳ ಹಳೆಯ ಪ್ರಶ್ನೆ. ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದು ಹೆಚ್ಚುಕಡಿಮೆ ಇದನ್ನೇ: ಇಷ್ಟವಿಲ್ಲದಿದ್ದರೂ, ಯಾರೋ ಬಲವಂತವಾಗಿ ತಳ್ಳಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ತಳ್ಳುವುದು ಯಾವುದು? ಕಾಮ, ಕ್ರೋಧ ಅಂತ ಉತ್ತರ ಬರುತ್ತೆ. ನಾನು ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಆ ಉತ್ತರಕ್ಕಿಂತ ಪ್ರಶ್ನೆಯಲ್ಲಿರುವ "ತಳ್ಳಿದ ಹಾಗೆ" ಅನ್ನುವುದೇ ಜಾಸ್ತಿ ಕಾಡುತ್ತೆ. ತಳ್ಳಿದ್ದಲ್ಲ, ತಳ್ಳಿದ ಹಾಗೆ.

ಅತ್ತ ಗ್ರೀಸಿನಲ್ಲಿ ಸಾಕ್ರಟೀಸ್, ಗೊತ್ತಿದ್ದು ಯಾರೂ ಕೆಟ್ಟದ್ದು ಮಾಡುವುದಿಲ್ಲ, ಮಾಡಿದರೆ ಅವರಿಗೆ ನಿಜವಾಗಿ ಗೊತ್ತಿರಲಿಲ್ಲ ಅಂತ ವಾದಿಸಿದ. ಅರಿಸ್ಟಾಟಲ್‌ಗೆ ಅದು ಅಷ್ಟಕ್ಕೇ ಮುಗಿಯಲಿಲ್ಲ. ಕುಡಿದವನು ಪದ್ಯ ಹೇಳುತ್ತಾನೆ ನೋಡಿ, ಒಂದು ಪದ ತಪ್ಪುವುದಿಲ್ಲ, ಆದರೆ ಅರ್ಥ ಒಳಗೆ ಇಳಿದಿರುವುದಿಲ್ಲ. ಆಸೆಯ ಕೈಗೆ ಸಿಕ್ಕವನ ತಿಳಿವಳಿಕೆಯೂ ಹಾಗೇ ಅಂದ. ಬಾಯಲ್ಲಿ ಇರುತ್ತೆ, ಕೈಗೆ ಬರುವುದಿಲ್ಲ.

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ಆ ಮೂರು ರಾತ್ರಿಯಲ್ಲಿ ಒಂದು ಸಲವಾದರೂ, ಆ ಮೇಲ್ ಓದಿದ ಮೇಲೆ ಅವಳ ಮುಖ ಹೇಗಿರುತ್ತೆ ಅಂತ ಕಣ್ಮುಂದೆ ತಂದುಕೊಂಡಿದ್ದಿರಾ?

ತಂಗಿ:

ಇಲ್ಲಿ ಎಲ್ಲರೂ ಮಾಡಿದವರ ಮಿದುಳಿನ ಬಗ್ಗೆ ಮಾತಾಡುತ್ತಿದ್ದೀರಿ. ಮಾಡಿಸಿಕೊಂಡವಳು ನಾನು, ನಾನೂ ಸ್ವಲ್ಪ ಹೇಳುತ್ತೇನೆ.

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಣ್ಣ ಕಾಗದ ತಂದ. ಮನೆ ತೆರಿಗೆ ವಿಷಯ, ಸುಮ್ನೆ ಒಂದು ಸೈನ್ ಬೇಕು ಅಂದ. ನನ್ನ ಕನ್ನಡಕ ಒಳಗಿತ್ತು. ತರಲು ಎದ್ದರೆ, ಇರು ನಾನೇ ತರುತ್ತೇನೆ ಅಂತ ಹೋಗಿ, ಬರಿಗೈಯಲ್ಲಿ ಬಂದು, ಸಿಗಲಿಲ್ಲ ಅಂದ. ಎಲ್ಲಿ ಸೈನ್ ಮಾಡಬೇಕೋ ಅಲ್ಲಿ ಬೆರಳಿಟ್ಟು ತೋರಿಸಿದ. ಆ ಬೆರಳು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಗುರು ಚೆನ್ನಾಗಿ ಕತ್ತರಿಸಿದ್ದ. ನಾನು ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಅದರಲ್ಲಿತ್ತು. ಕನ್ನಡಕ ಯಾವಾಗಲೂ ಇಡುವ ಜಾಗದಲ್ಲೇ ಇತ್ತು.

ಅವನಿಗೆ ಗೆಡ್ಡೆ ಇರಲಿಲ್ಲ. ಈಗಲೂ ಕೇಳಿದರೆ ಅವನು "ಆವತ್ತಿನ ಪರಿಸ್ಥಿತಿ ಹಾಗಿತ್ತು, ನೀನು ಅದನ್ನೇ ಹಿಡಿದುಕೊಂಡು ಕೂತಿದ್ದೀಯ" ಅನ್ನುತ್ತಾನೆ. ಅವನಿಗೆ ಅದು ಒಂದು ಮಧ್ಯಾಹ್ನ. ನನಗೆ ಒಂಬತ್ತು ವರ್ಷ.

ನರಕೋಶ ಅವರೇ, ಅವನ ಕೈಯಲ್ಲಿ ಇರಲಿಲ್ಲ ಅಂತ ನೀವು ಹೇಳಿದರೆ, ನೀವು ಅವನನ್ನು ಮಾತ್ರ ಬಿಡಿಸುತ್ತಿಲ್ಲ. ಅವನನ್ನು ಮಳೆ, ಗಾಳಿ, ಬಿದ್ದ ಮರದ ಲೆಕ್ಕಕ್ಕೆ ಸೇರಿಸುತ್ತಿದ್ದೀರಿ. ಮರದ ಮೇಲೆ ಯಾರಿಗಾದರೂ ಒಂಬತ್ತು ವರ್ಷ ಸಿಟ್ಟಿರುತ್ತಾ? ನನ್ನ ಸಿಟ್ಟು ಇನ್ನೂ ಇದೆ ಅಂದರೆ, ನಾನು ಅವನನ್ನು ಇನ್ನೂ ಅಣ್ಣ ಅಂತಲೇ ಎಣಿಸಿದ್ದೇನೆ ಅಂತ ಅರ್ಥ.

ಹಳೇ ಮೇಷ್ಟ್ರು:

ತಂಗಿ, ಕೊನೆಯಲ್ಲಿ ನೀವು ಬರೆದದ್ದನ್ನು ಎರಡು ಸಲ ಓದಿದೆ. ಪೀಟರ್ ಸ್ಟ್ರಾಸನ್ ಅಂತ ಒಬ್ಬ ತತ್ವಜ್ಞಾನಿ 1962ರಲ್ಲಿ ಸುಮಾರು ಇದನ್ನೇ ವಾದಿಸಿದ್ದರು. ಅವರಿಗೆ ಅದನ್ನು ಹೇಳಲು ಒಂದು ಇಡೀ ಪ್ರಬಂಧ ಬೇಕಾಯಿತು.

ಹಳೇ ಕಡತ:

ಯುದ್ಧದ ಇತಿಹಾಸ ಓದುವ ಅಭ್ಯಾಸ ನನಗೆ. ಈ ಪ್ರಶ್ನೆ ಬಂದಾಗೆಲ್ಲ ಒಂದು ದಿನ ನೆನಪಾಗುತ್ತೆ.

1942ರ ಜುಲೈ 13. ಪೋಲೆಂಡಿನ ಯುಜೆಫುಫ್ ಅನ್ನುವ ಊರು. ಜರ್ಮನಿಯ ರಿಸರ್ವ್ ಪೊಲೀಸ್ ಬೆಟಾಲಿಯನ್ 101, ಸುಮಾರು 500 ಜನ. ಹೆಚ್ಚಿನವರು ಹ್ಯಾಂಬರ್ಗಿನ ನಡುವಯಸ್ಸಿನ ಸಂಸಾರಸ್ಥರು, ಸಾಮಾನ್ಯ ಕೆಲಸಗಾರರು. ಊರಿನ ಯಹೂದಿಗಳನ್ನು, ಹೆಂಗಸರು ಮಕ್ಕಳು ಮುದುಕರನ್ನೂ ಸೇರಿಸಿ, ಕೊಲ್ಲಬೇಕು ಅಂತ ಆದೇಶ. ಅದನ್ನು ಹೇಳುವಾಗ ಮೇಜರ್ ವಿಲ್ಹೆಲ್ಮ್ ಟ್ರಾಪ್ ಕಣ್ಣಲ್ಲಿ ನೀರಿತ್ತು ಅಂತ ಅಲ್ಲಿದ್ದವರು ಆಮೇಲೆ ಹೇಳಿದ್ದಾರೆ. ಹೇಳಿ ಮುಗಿಸಿದ ಮೇಲೆ ಅವನು ಒಂದು ಮಾತು ಸೇರಿಸಿದ: ಹಿರಿಯರಲ್ಲಿ ಯಾರಿಗೆ ಈ ಕೆಲಸ ಆಗುವುದಿಲ್ಲವೋ ಅವರು ಮುಂದೆ ಬರಬಹುದು.

ನೋಡಿ, ಬಾಗಿಲು ತೆಗೆದೇ ಇಟ್ಟಿದ್ದ. ಆ ಕ್ಷಣಕ್ಕೆ ಮುಂದೆ ಬಂದವರು ಸುಮಾರು ಒಂದು ಡಜನ್. ಅವರಿಗೆ ಏನೂ ಶಿಕ್ಷೆ ಆಗಲಿಲ್ಲ. ಸಂಜೆ ಹೊತ್ತಿಗೆ ಸುಮಾರು 1500 ಜನ ಸತ್ತಿದ್ದರು. ನಡುವೆ ಇನ್ನಷ್ಟು ಜನ ಹಿಂದೆ ಸರಿದರು, ಆದರೂ ಹೆಚ್ಚಿನವರು ಕೊನೆಯವರೆಗೂ ಗುಂಡು ಹಾರಿಸಿದರು.

1960ರ ದಶಕದ ವಿಚಾರಣೆಯಲ್ಲಿ ಅವರು ಕೊಟ್ಟ ಹೇಳಿಕೆಗಳು ಉಳಿದಿವೆ, ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ ಅವನ್ನೆಲ್ಲ ಕೂತು ಓದಿದ್ದಾರೆ. ಅದರಲ್ಲಿ ಒಬ್ಬ ಹೇಳಿದ್ದು: ಪಕ್ಕದವನು ತಾಯಂದಿರನ್ನು ಕೊಲ್ಲುತ್ತಿದ್ದ, ಹಾಗಾಗಿ ನಾನು ಮಕ್ಕಳನ್ನು ಮಾತ್ರ ಕೊಂದೆ, ತಾಯಿಯಿಲ್ಲದೆ ಮಗು ಹೇಗೂ ಬದುಕಲಾರದು, ಅವಕ್ಕೆ ಬಿಡುಗಡೆ ಕೊಡುತ್ತಿದ್ದೇನೆ ಅಂತ ಮನಸ್ಸಿಗೆ ಹೇಳಿಕೊಂಡೆ. "ಬಿಡುಗಡೆ." ಬಂದೂಕು ಹಿಡಿದು ನಿಂತವನು ಆ ಪದ ಹುಡುಕಿಕೊಂಡಿದ್ದ. ಹಿಂದೆ ಸರಿದವರಲ್ಲಿ ಎಷ್ಟೋ ಜನ ಕೊಟ್ಟ ಕಾರಣ ಇದಕ್ಕಿಂತ ವಿಚಿತ್ರ. ಇದು ತಪ್ಪು ಅಂತ ಹೇಳಲಿಲ್ಲ, ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ ಅಂದರು. ಜತೆಯವರ ಎದುರು ತಾನು ಒಳ್ಳೆಯವನು ಅಂತ ಕಾಣುವುದಕ್ಕಿಂತ ದುರ್ಬಲ ಅಂತ ಕಾಣುವುದು ಸುಲಭವಾಗಿತ್ತು.

ಮೂರು ರಾತ್ರಿ ಅವರೇ, ನಿಮ್ಮದನ್ನು ಇದಕ್ಕೆ ಹೋಲಿಸುತ್ತಿಲ್ಲ, ಹೋಲಿಕೆಯೇ ಇಲ್ಲ. ಆ "ಕಾಳಜಿ" ಅನ್ನುವ ಪದ ಓದಿದಾಗ ಆ "ಬಿಡುಗಡೆ" ನೆನಪಾಯಿತು, ಅಷ್ಟೇ.

ಎರಡು ಮಕ್ಕಳ ಅಮ್ಮ:

ಇದೆಲ್ಲ ಓದಿ ಎದೆ ಭಾರವಾಯಿತು. ನನ್ನದು ಚಿಕ್ಕ ಪ್ರಶ್ನೆ. ಮಕ್ಕಳಿಗೆ "ಎಲ್ಲಾ ಮಿದುಳು ಮಾಡಿಸುತ್ತೆ" ಅಂತ ಹೇಳಿಕೊಟ್ಟರೆ ಅವರು ಇನ್ನೂ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲವಾ? ಹಾಗಂತ ಬರೆದದ್ದನ್ನು ಓದಿದವರು ಪರೀಕ್ಷೆಯಲ್ಲಿ ಜಾಸ್ತಿ ಮೋಸ ಮಾಡಿದರು ಅಂತ ಎಲ್ಲೋ ಕೇಳಿದ ನೆನಪು.

ನರಕೋಶ:

ಅದು 2008ರ ಅಧ್ಯಯನ, ವೋಸ್ ಮತ್ತು ಸ್ಕೂಲರ್ ಮಾಡಿದ್ದು. ಆಮೇಲೆ ಬೇರೆಯವರು ಇನ್ನೂ ಜಾಸ್ತಿ ಜನರನ್ನು ಇಟ್ಟುಕೊಂಡು ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಅದನ್ನು ನಂಬಿ ಹೆದರಬೇಕಿಲ್ಲ. ನನ್ನ ಕಡೆಗೆ ಬಲ ಬರಲಿ ಅಂತ ಹೇಳುತ್ತಿಲ್ಲ, ಅದು ಗಟ್ಟಿ ನಿಂತಿದ್ದರೂ ಇಲ್ಲಿ ಹೇಳುತ್ತಿದ್ದೆ.

ಹಳೇ ಕಡತ ಬರೆದದ್ದಕ್ಕೆ ನನ್ನ ಮಾತು: ಮುಂದೆ ಬಂದ ಆ ಹನ್ನೆರಡು ಜನರಿಗೂ ಕಾರಣ ಇತ್ತು, ನಿಂತೇ ಇದ್ದವರಿಗೂ ಇತ್ತು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಗ್ರಾಮ್ 1961ರಲ್ಲಿ ಶುರು ಮಾಡಿದ ಪ್ರಯೋಗ ಎಲ್ಲರಿಗೂ ಗೊತ್ತು. ಆಚೆ ಕೋಣೆಯಲ್ಲಿರುವವನಿಗೆ ಕರೆಂಟ್ ಶಾಕ್ ಕೊಡಿ ಅಂದಾಗ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟಿನ ಗುಂಡಿಯವರೆಗೂ ಹೋದರು. ನಿಜವಾಗಿ ಶಾಕ್ ಇರಲಿಲ್ಲ, ಅವನು ನಟ. ಅವರಿಗೆ ಅದು ಗೊತ್ತಿರಲಿಲ್ಲ, ಬೆವರುತ್ತಾ, ನಡುಗುತ್ತಾ ಒತ್ತಿದರು. ಜನ ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ರೂಪದಲ್ಲಿ, ಪಕ್ಕದಲ್ಲಿ ಕೂತ ಇಬ್ಬರು "ನಾವು ಮಾಡುವುದಿಲ್ಲ" ಅಂತ ಎದ್ದರು, ಅವರೂ ಮೊದಲೇ ಹೇಳಿಕೊಟ್ಟು ಕೂರಿಸಿದವರೇ. ಆಗ ಕೊನೆಯವರೆಗೂ ಹೋದವರು 40ರಲ್ಲಿ 4 ಜನ ಮಾತ್ರ. ಅದೇ ಥರದ ಜನ, ಅದೇ ಗುಂಡಿ. ಪಕ್ಕದವರು ಬದಲಾದರು, ಅಷ್ಟೇ. ಇದರಲ್ಲಿ ಸ್ವಾತಂತ್ರ್ಯ ಎಲ್ಲಿದೆ ಅಂತ ನನಗೆ ಕಾಣುವುದಿಲ್ಲ.

ಹಳೇ ಮೇಷ್ಟ್ರು:

ಪಕ್ಕದವನು ಎದ್ದದ್ದನ್ನು ನೋಡಿ, ಓ ಇದನ್ನು ಮಾಡದೇ ಇರಬಹುದು ಅಂತ ನನಗೆ ಹೊಳೆದರೆ, ಆ ಹೊಳೆದದ್ದನ್ನೇ ನಾನು ಸ್ವಾತಂತ್ರ್ಯ ಅನ್ನುತ್ತೇನೆ. ಕಾರಣವೇ ಇಲ್ಲದೆ ಆಕಾಶದಿಂದ ಉದುರುವ ಸ್ವಾತಂತ್ರ್ಯ ನನಗೂ ಬೇಡ, ಅಂಥದ್ದು ಇದ್ದರೂ ಅದರಿಂದ ಯಾರಿಗೂ ಉಪಯೋಗವಿಲ್ಲ. ಸಂತ ಅಗಸ್ಟೀನ್ ತನ್ನ ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜತೆ ಪೇರ್ ಹಣ್ಣು ಕದ್ದಿದ್ದ. ಹಸಿವಿರಲಿಲ್ಲ, ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಎಷ್ಟೋ ವರ್ಷದ ಮೇಲೆ ಅದನ್ನೇ ಕೆದಕಿ ಕೆದಕಿ ಬರೆದ, ಯಾಕೆ ಮಾಡಿದೆ ಅಂತ. ಅವನಿಗೆ ಸಿಕ್ಕ ಒಂದು ಉತ್ತರ, ಒಬ್ಬನೇ ಇದ್ದಿದ್ದರೆ ನಾನು ಮಾಡುತ್ತಿರಲಿಲ್ಲ. ಹಾಗಂತ ಅವನು ತಪ್ಪನ್ನು ಗೆಳೆಯರ ತಲೆಗೆ ಕಟ್ಟಲಿಲ್ಲ.

ಸುಮ್ನೆ ಓದುವವನು:

ಎಲ್ಲರೂ ಮನಸ್ಸಾಕ್ಷಿ ಇರುವವರ ಬಗ್ಗೆಯೇ ಹೇಳುತ್ತಿದ್ದೀರಿ. ನೋವು ಕೊಟ್ಟು ಖುಷಿ ಪಡುವವರು ಇಲ್ಲವಾ?

ಕೇಳುವ ಕೆಲಸ:

ಇದ್ದಾರೆ. ಆದರೆ ನೀವು ಅಂದುಕೊಂಡಷ್ಟು ಇಲ್ಲ. ಹನ್ನೊಂದು ವರ್ಷದಿಂದ ಜೈಲಿನಲ್ಲಿರುವವರ ಎದುರು ಕೂತು ಅವರ ಮಾತು ಕೇಳುವ ಕೆಲಸ ನನ್ನದು. ಹೊಡೆದವರು, ಇರಿದವರು, ಕೊಂದವರು. ನೋವಿಗೋಸ್ಕರವೇ ನೋವು ಕೊಟ್ಟವರನ್ನು ನಾನು ಕಂಡದ್ದು ತೀರಾ ಕಡಿಮೆ. ಜಾಸ್ತಿ ಜನಕ್ಕೆ ಏನೋ ಬೇಕಿತ್ತು, ನಡುವೆ ಒಬ್ಬ ಮನುಷ್ಯ ನಿಂತಿದ್ದ. ಅಥವಾ ಯಾರೋ ಮರ್ಯಾದೆ ತೆಗೆದರು ಅನ್ನಿಸಿತ್ತು.

ನಾನು ಜಾಸ್ತಿ ಗಮನ ಕೊಡುವುದು ಅವರು ಕ್ರಿಯಾಪದ ಬಳಸುವ ರೀತಿಗೆ. ನಮ್ಮ ಭಾಷೆಯಲ್ಲಿ ಸಿಟ್ಟನ್ನು ನಾವು ಮಾಡುವುದಿಲ್ಲ, ಅದು ನಮಗೆ "ಬರುತ್ತೆ". ಬುದ್ಧಿ ತಾನೇ "ಕೆಡುತ್ತೆ". ಗಳಿಗೆ ಕೆಟ್ಟದಾಗಿರುತ್ತೆ. ಕೈ ತಾನೇ ಏಳುತ್ತೆ. "ಸಿಟ್ಟು ಬಂತು ಮೇಡಂ, ಬುದ್ಧಿ ಕೆಟ್ಟಿತು, ಏನೋ ಆಗಿಹೋಯಿತು." ಇಡೀ ಕಥೆಯಲ್ಲಿ "ನಾನು ಮಾಡಿದೆ" ಅನ್ನುವುದು ಒಂದು ಕಡೆಯೂ ಇರುವುದಿಲ್ಲ. ತೀರಾ ಒತ್ತಿ ಕೇಳಿದರೆ "ಹೊಡೆದುಬಿಟ್ಟೆ" ಅನ್ನುತ್ತಾರೆ. ಹೊಡೆದೆ ಅಲ್ಲ, ಹೊಡೆದುಬಿಟ್ಟೆ. ಆ "ಬಿಟ್ಟೆ" ಬಹಳ ಕೆಲಸ ಮಾಡುತ್ತೆ. ಕೈಯಿಂದ ಏನೋ ಜಾರಿದ ಹಾಗೆ ಕೇಳಿಸುತ್ತೆ. ನಾನು ಅಲ್ಲೇ ನಿಲ್ಲಿಸಿ ಕೇಳುತ್ತೇನೆ, ಅಲ್ಲಿಯವರೆಗೆ ಹಿಡಿದುಕೊಂಡಿದ್ದದ್ದು ಏನು, ಬಿಟ್ಟದ್ದು ಯಾವಾಗ?

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗುವ ಯಾವುದನ್ನೂ ಬರೆಯುವುದಿಲ್ಲ. ಹೆಂಡತಿಗೆ ಹೊಡೆದಿದ್ದ. ಐದು ಸಲ ಕಥೆ ಹೇಳಿಸಿದೆ, ಐದು ಸಲವೂ ಒಂದೇ: ಕಣ್ಣು ಕತ್ತಲೆ ಬಂತು, ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗಲಿಲ್ಲ. ಆರನೇ ಸಲ, ಕೋಣೆಯಲ್ಲಿ ಯಾರು ಎಲ್ಲಿ ಇದ್ದರು ಅಂತ ನಿಧಾನವಾಗಿ ಕೇಳುತ್ತಾ ಹೋದೆ. ಅವನು ಹೇಳುತ್ತಾ ಹೇಳುತ್ತಾ, "ಆಮೇಲೆ ಕಿಟಕಿ ಮುಚ್ಚಿದೆ" ಅಂದ. ನಾನು ಏನೂ ಮಾತಾಡಲಿಲ್ಲ. ಅವನೂ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ, ಕಣ್ಣು ಕತ್ತಲೆ ಬಂದವನು ಕಿಟಕಿ ಯಾಕೆ ಮುಚ್ಚಿದೆ?

ಅವನಿಗೆ ಬಾಲ್ಯದಲ್ಲಿ ಏನಾಗಿತ್ತು ಅಂತಲೂ ನನಗೆ ಗೊತ್ತು. ನರಕೋಶ ಅವರು ಹೇಳುವ ಕಾರಣಗಳೆಲ್ಲ ಅಲ್ಲಿದ್ದವು, ನಾನು ಒಂದನ್ನೂ ಅಲ್ಲಗಳೆಯುವುದಿಲ್ಲ. ಆದರೆ ನಾನು ಕಂಡ ಹಾಗೆ ಹೆಚ್ಚುಕಡಿಮೆ ಎಲ್ಲರ ಕಥೆಯಲ್ಲೂ ಒಂದು ಕಿಟಕಿ ಇರುತ್ತೆ. ಕೇಡು ಮಾಡುವುದಕ್ಕೆ ಸ್ವಲ್ಪ ಮೊದಲು, ಯಾರಿಗೂ ಕಾಣದಿರಲಿ ಅಂತಲೋ, ತನಗೇ ಕಾಣದಿರಲಿ ಅಂತಲೋ ಮಾಡಿದ ಒಂದು ಚಿಕ್ಕ ಕೆಲಸ. ತಂಗಿ ಅವರ ಅಣ್ಣ ಕನ್ನಡಕ ಸಿಗಲಿಲ್ಲ ಅಂದದ್ದೂ ಅದೇ. ಹೊಡೆಯುವ ಗಳಿಗೆಯಲ್ಲಿ ಎಷ್ಟು ಸ್ವಾತಂತ್ರ್ಯ ಇರುತ್ತೋ ನಾನು ಹೇಳಲಾರೆ. ಕಿಟಕಿ ಹತ್ತಿರ ನಿಂತಾಗ ಇರುತ್ತೆ. ಅಲ್ಲಿ ಕೈ ನಡುಗುತ್ತಿರುವುದಿಲ್ಲ.

ಮೂರು ರಾತ್ರಿ:

ಎರಡು ದಿನದಿಂದ ಎಲ್ಲರದನ್ನೂ ಓದುತ್ತಿದ್ದೇನೆ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಅವಳ ಮುಖ ನೆನೆಸಿಕೊಳ್ಳಲಿಲ್ಲ. ನೆನೆಸಿಕೊಂಡದ್ದು ಮ್ಯಾನೇಜರ್ ಮುಖ. ಓದಿ ಅವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಅಂತ. "ಖಿನ್ನತೆ" ಅಳಿಸಿದ್ದು ಅವಳ ಮೇಲಿನ ಕನಿಕರದಿಂದ ಅಂತ ಆರು ವರ್ಷ ನಂಬಿಕೊಂಡಿದ್ದೆ. ಅದೂ ಅಲ್ಲ. ನಾನು ಚಾಡಿ ಹೇಳುವವಳ ಹಾಗೆ ಕಾಣಬಾರದು ಅಂತ ಅಳಿಸಿದ್ದು. ಅಷ್ಟಕ್ಕೆ ಅವಳಿಗೆ ಜಾಗ ತಪ್ಪಲಿಕ್ಕಿಲ್ಲ ಅನ್ನಿಸಿದಾಗ ಮತ್ತೆ ಹಾಕಿದ್ದು. ಹೊಟ್ಟೆಕಿಚ್ಚು ಅನ್ನುವ ಪದ ನನ್ನ ಮೊದಲ ಬರಹದಲ್ಲಿ ಎಲ್ಲೂ ಇಲ್ಲ, ನೋಡಿದಿರಾ?

ಇನ್ನೊಂದನ್ನು ಬಿಟ್ಟಿದ್ದೆ. ಬೇಕಂತ ಬಿಟ್ಟದ್ದೋ ಮರೆತದ್ದೋ ಗೊತ್ತಿಲ್ಲ, ಕಿಟಕಿಯ ವಿಷಯ ಓದುವಾಗ ಒಮ್ಮೆಲೇ ಬಂತು. ಗುರುವಾರ ಬೆಳಿಗ್ಗೆ ಮೇಲ್ ತೆರೆದು ಕೂತಿದ್ದೆ. ಅವಳು ಪಕ್ಕದಲ್ಲೇ ಇದ್ದಳು, ಏನೋ ಟೈಪ್ ಮಾಡುತ್ತಿದ್ದಳು. ಕಳಿಸಲು ಆಗಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಬೇರೆ ಕೆಲಸ ಮಾಡುವ ಹಾಗೆ ಕೂತೆ. ಅವಳು ನೀರು ತರಲು ಎದ್ದಳು. ನನ್ನ ಬಾಟಲಿಯನ್ನೂ ತಗೊಂಡಳು, ಯಾವಾಗಲೂ ತಗೊಳ್ಳುತ್ತಿದ್ದಳು. ಅವಳು ತಿರುವು ದಾಟಿ ಮರೆಯಾಗುವವರೆಗೆ ನೋಡಿದೆ. ಆಮೇಲೆ ಒತ್ತಿದೆ. ಅವಳು ಬಂದು ಬಾಟಲಿ ನನ್ನ ಮೇಜಿನ ಮೇಲೆ ಇಟ್ಟಳು. ನಾನು ಥ್ಯಾಂಕ್ಸ್ ಅಂದೆ.

ಮೊದಲು "ಕಳಿಸಿಬಿಟ್ಟೆ" ಅಂತ ಬರೆದಿದ್ದೆ. ಕಳಿಸಿದೆ. ಕಾದು ಕಳಿಸಿದೆ.

ನರಕೋಶ:

ಮೇಡಂ, ಇದನ್ನು ಓದಿದ ಮೇಲೆ ಎರಡು ಸಲ ಉತ್ತರ ಬರೆದು ಅಳಿಸಿದೆ.

ಆ ಇಪ್ಪತ್ತು ನಿಮಿಷಕ್ಕೂ ಕಾರಣ ಇದೆ ಅಂತ ನಾನು ಈಗಲೂ ನಂಬುತ್ತೇನೆ. ಯಾಕೆ ಇಷ್ಟು ಗಟ್ಟಿಯಾಗಿ ಹಿಡಿದಿದ್ದೇನೆ ಅಂತ ಹೇಳುತ್ತೇನೆ. ಅಪ್ಪ ನನಗೆ ಹೊಡೆಯುತ್ತಿದ್ದರು, ಬೆಲ್ಟ್ ತೆಗೆದು. ಅಜ್ಜ ಅವರಿಗೆ ಹಾಗೇ ಹೊಡೆಯುತ್ತಿದ್ದರಂತೆ. ಮಿದುಳು ಓದಿದ ಮೇಲೆ ನನಗೆ ಅಪ್ಪ ಒಂದು ಸರಪಳಿಯ ಕೊಂಡಿಯ ಹಾಗೆ ಕಂಡರು. ದ್ವೇಷ ಬಿಡಲು ಸಾಧ್ಯವಾದದ್ದು ಹಾಗೆ. ಅವರ ಕೊನೆಯ ಎರಡು ವರ್ಷ ನಾನೇ ನೋಡಿಕೊಂಡೆ. ಅವರ ಕೈಯಲ್ಲಿತ್ತು ಅಂತ ಈಗ ಒಪ್ಪಿಕೊಂಡರೆ ಅದನ್ನೆಲ್ಲ ಮತ್ತೆ ಮೊದಲಿನಿಂದ ಹೊರಬೇಕಾಗುತ್ತೆ.

ತಂಗಿ:

ನರಕೋಶ ಅವರೇ, ನೀವು ನಿಮ್ಮ ಮಕ್ಕಳಿಗೆ ಹೊಡೆಯುತ್ತೀರಾ?

ನರಕೋಶ:

ಇಲ್ಲ. ಒಂದು ಸಲ ಕೈ ಎತ್ತಿದ್ದೆ. ಮಗ ತೋಳಿನಿಂದ ಮುಖ ಮುಚ್ಚಿಕೊಂಡ, ನಾನು ಮುಚ್ಚಿಕೊಳ್ಳುತ್ತಿದ್ದ ಹಾಗೇ. ಕೈ ಇಳಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದಕ್ಕೂ ಕಾರಣ ಇತ್ತು, ಅವನ ತೋಳು. ಆದರೆ ನಾನೂ ತೋಳು ಎತ್ತುತ್ತಿದ್ದೆನಲ್ಲ. ಅಪ್ಪನಿಗೆ ಅದು ಕಾಣಿಸುತ್ತಿತ್ತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೇಳುವ ಕೆಲಸ:

ಅಪ್ಪನ ಕೈಯಲ್ಲಿತ್ತು ಅಂತ ಒಪ್ಪಿಕೊಂಡೂ ಅವರನ್ನು ನೋಡಿಕೊಂಡವರನ್ನು ನಾನು ಕಂಡಿದ್ದೇನೆ. ಕಷ್ಟ, ಆದರೆ ಆಗುತ್ತೆ. ನೀವು ಈಗಲೇ ಏನೂ ತೀರ್ಮಾನ ಮಾಡಬೇಕಿಲ್ಲ.

ಮೂರು ರಾತ್ರಿ:

ಅವಳಿಗೆ ಹೇಳಬೇಕು ಅನ್ನಿಸುತ್ತಿದೆ. ಹಳೆಯ ಐಡಿ ಇದೆ. ಹೇಳಿದರೆ ನನ್ನ ಭಾರ ಇಳಿಸಿಕೊಳ್ಳಲು ಅವಳ ತಲೆ ಮೇಲೆ ಹಾಕಿದ ಹಾಗೆ ಆಗುತ್ತಾ? ಅದೂ ಇನ್ನೊಂದು ಕೇಡೇ ಆಗಿಬಿಟ್ಟರೆ? ತಂಗಿ, ನಿಮ್ಮನ್ನೇ ಕೇಳುತ್ತಿದ್ದೇನೆ.

ತಂಗಿ:

ಎಲ್ಲರ ಪರವಾಗಿ ಹೇಳಲಾರೆ, ನನ್ನದು ಹೇಳುತ್ತೇನೆ. ನನ್ನ ಅಣ್ಣ ಒಂದು ಸಲ ಕ್ಷಮಿಸು ಅಂದಿದ್ದ. ಮಗಳ ಮದುವೆಗೆ ಕರೆಯಲು ಬಂದಾಗ, ಬಾಗಿಲಲ್ಲೇ ನಿಂತು. ಅವನಿಗೆ ಆಗಿಂದಾಗ ಉತ್ತರ ಬೇಕಿತ್ತು. ನನಗೆ ಮೈ ಉರಿಯಿತು. ಕ್ಷಮೆ ಬೇಕಿರಲಿಲ್ಲ ನನಗೆ. ಕನ್ನಡಕ ಅಲ್ಲೇ ಇತ್ತು, ನೋಡಿಯೂ ಸಿಗಲಿಲ್ಲ ಅಂದೆ ಅಂತ ಅವನ ಬಾಯಿಂದ ಬರಬೇಕಿತ್ತು. ಇವತ್ತಿಗೂ ನಾನು ಕಾಯುತ್ತಿರುವುದು ಅದೊಂದಕ್ಕೆ. ಒಂಬತ್ತು ವರ್ಷ ನಾನೇ ತಪ್ಪು ತಿಳಿದುಕೊಂಡೆನಾ ಅಂತ ಎಷ್ಟು ಸಲ ಅನುಮಾನ ಬಂದಿದೆ ಗೊತ್ತಾ?

ಹಾಗಾಗಿ, ಮೊದಲು ಕೇಳಿ. ಆ ಸಮಯದ ಬಗ್ಗೆ ಒಂದು ವಿಷಯ ಹೇಳುವುದಿದೆ, ನಿನಗೆ ತಿಳಿಯಬೇಕು ಅನ್ನಿಸಿದರೆ ಹೇಳುತ್ತೇನೆ ಅಂತ. ಬೇಡ ಅಂದರೆ ಅಲ್ಲಿಗೇ ಬಿಡಿ. ಬೇಕು ಅಂದರೆ ನೀರಿನ ಬಾಟಲಿಯನ್ನೂ ಸೇರಿಸಿ ಹೇಳಿ. ಕ್ಷಮೆ ಕೇಳಿ, ಆದರೆ ಕಾಯುತ್ತಾ ಕೂರಬೇಡಿ. ಕಾಳಜಿ ಅನ್ನುವ ಪದ ಮಾತ್ರ ಎಲ್ಲೂ ಹಾಕಬೇಡಿ.

ಮೂರು ರಾತ್ರಿ:

ನಿನ್ನೆ ಸಂಜೆ ಎರಡು ಸಾಲು ಬರೆದು ಕಳಿಸಿದೆ. ನೀವು ಹೇಳಿದ ಹಾಗೇ, ತಿಳಿಯಬೇಕು ಅನ್ನಿಸಿದರೆ ಹೇಳುತ್ತೇನೆ ಅಂತ ಅಷ್ಟೇ. ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ, ಒಂದೂ ನನಗೆ ಗೊತ್ತಿಲ್ಲ. ಮೇಲ್ ವಾಪಸ್ ಬಂದಿಲ್ಲ, ಹಾಗಾಗಿ ಐಡಿ ಇನ್ನೂ ಇದೆ ಅಂತ ಕಾಣುತ್ತೆ.

ಉತ್ತರ ಬಂದಿಲ್ಲ. ಬರದೆಯೂ ಇರಬಹುದು. ಅದು ಅವಳ ಇಷ್ಟ.